ಇಂಜಿನ್‌ಗೆ ತಣ್ಣನೆಯ ಗಾಳಿ, ಜೊತೆಗೆ ಮಳೆನೀರು

ಜೂನ್ ಬಂತೆಂದರೆ ನಮ್ಮ ಕರಾವಳಿಯ ಗ್ಯಾರೇಜುಗಳಿಗೆ ಒಂದು ಬಗೆಯ ಕಾರುಗಳು ಬರತೊಡಗುತ್ತವೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇರುವುದಿಲ್ಲ. ಆದರೆ ಹಗ್ಗ ಕಟ್ಟಿ ಎಳೆದು ತಂದಿರುತ್ತಾರೆ. ನನ್ನ ಮಾಮ ಮೆಕ್ಯಾನಿಕ್. ರಜೆಯಲ್ಲಿ ನಾನೂ ಅವರ ಜೊತೆ ಸ್ಪ್ಯಾನರ್ ಹಿಡಿಯುತ್ತೇನೆ. ಇಂತಹ ಕಾರು ಬಂದಾಗ ಮಾಮ ಕೇಳುವ ಮೊದಲ ಪ್ರಶ್ನೆ: "ನೀರಲ್ಲಿ ನಿಂತ ಮೇಲೆ ಎಷ್ಟು ಸಲ ಸೆಲ್ಫ್ ಹೊಡೆದಿರಿ?" ರಿಪೇರಿಯ ಖರ್ಚು ಬಹುಪಾಲು ಆ ಉತ್ತರದ ಮೇಲೆಯೇ ನಿಂತಿರುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಲೈಸನ್ಸ್ ಇಲ್ಲ, ಆದರೆ ಅಣ್ಣಂದಿರ ಕಾರಿಗೆ ಏನೇನು ಹಾಕಿಸಬೇಕು ಎಂಬ ಬಗ್ಗೆ ಅಭಿಪ್ರಾಯ ಎಲ್ಲರಿಗೂ ಇದೆ! ಈಗ ಕ್ಯಾಂಟೀನಿನಲ್ಲಿ ಕೇಳಿಬರುವ ಹೆಸರು 'ಕೋಲ್ಡ್ ಏರ್ ಇಂಟೇಕ್'. ಕಂಪನಿಯವರು ಕೊಟ್ಟ ಏರ್ ಫಿಲ್ಟರ್ ಡಬ್ಬಿ ತೆಗೆದು, ಉದ್ದದ ಪೈಪ್ ಜೋಡಿಸಿ, ಅದರ ತುದಿಗೆ ಕೋನ್ ಆಕಾರದ ಫಿಲ್ಟರ್ ಹಾಕಿ ಬಂಪರ್ ಹಿಂದೆ ಕೆಳಗಡೆ ಕೂರಿಸುವುದು. ಇಂಜಿನ್ ಬಿಸಿಯಿಂದ ದೂರ ಇರುವುದರಿಂದ ತಣ್ಣನೆಯ ಗಾಳಿ ಸಿಗುತ್ತದೆ, ಪವರ್ ಹೆಚ್ಚುತ್ತದೆ ಎನ್ನುವುದು ವಾದ.

ವಾದ ಪೂರ್ತಿ ಸುಳ್ಳಲ್ಲ. ಪ್ರಥಮ ಪಿಯುಸಿಯ ಅನಿಲ ನಿಯಮ ನೆನಪು ಮಾಡಿಕೊಳ್ಳಿ. ಬಾನೆಟ್ ಒಳಗಿನ ಗಾಳಿ 60 ಡಿಗ್ರಿ, ಹೊರಗಿನದು 30 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಕೆಲ್ವಿನ್‌ನಲ್ಲಿ 333 ಮತ್ತು 303. ಒತ್ತಡ ಒಂದೇ ಇದ್ದರೆ ತಣ್ಣನೆಯ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಹೆಚ್ಚು. ಆದರೆ ಇಂದಿನ ಹೆಚ್ಚಿನ ಕಾರುಗಳಲ್ಲಿ ಕಂಪನಿಯ ಪೈಪಿನ ಬಾಯಿಯೇ ಮುಂಭಾಗದ ಗ್ರಿಲ್ ಹಿಂದೆ, ಹೆಡ್‌ಲೈಟಿನ ಮಟ್ಟದಲ್ಲಿ ಇರುತ್ತದೆ. ಅಂದರೆ ಹೊರಗಿನ ಗಾಳಿ ಆಗಲೇ ಸಿಗುತ್ತಿದೆ. ಹೊಸದಾಗಿ ಸಿಗುವುದು ಹೆಚ್ಚಾಗಿ ಶಬ್ದ.

ಕಳೆದುಕೊಳ್ಳುವುದು ಎತ್ತರವನ್ನು. ಮಳೆ ಸುರಿದರೆ ಇಂಜಿನ್ ಕೆಡುವುದಿಲ್ಲ. ಕಂಪನಿಯ ಡಬ್ಬಿಯೊಳಗೆ ಗಾಳಿಯ ವೇಗ ತಗ್ಗಿ ಹನಿಗಳು ಕೆಳಗೆ ಬೀಳುತ್ತವೆ, ತಳದ ಸಣ್ಣ ತೂತಿನಿಂದ ಹೊರಹೋಗುತ್ತವೆ. (ಆ ತೂತು ಕೆಸರಿನಿಂದ ಮುಚ್ಚಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಿಸಿ. ಒಂದು ತಂತಿ ಸಾಕು.) ಅಪಾಯ ಇರುವುದು ಪೈಪಿನ ಬಾಯಿ ನಿಂತ ನೀರಿನಲ್ಲಿ ಮುಳುಗಿದಾಗ. ಆಗ ಇಂಜಿನ್ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ.

ಎಷ್ಟು ನೀರು ಸಾಕು? ನಾನು ಲೆಕ್ಕ ಹಾಕಿ ನೋಡಿದೆ. 1200 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಲ್ಲಿ ಒಂದು ಸಿಲಿಂಡರಿಗೆ 300 ಸಿಸಿ. ಕಂಪ್ರೆಷನ್ ಅನುಪಾತ 11:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಮಿ.ಲೀ. ಮಾತ್ರ. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಎರಡು ಮೂರು ಸಲ ಅಳೆದಷ್ಟು. ಡೀಸೆಲ್‌ನಲ್ಲಿ ಅನುಪಾತ ಇನ್ನೂ ಹೆಚ್ಚು, ಜಾಗ ಇನ್ನೂ ಕಡಿಮೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಪಿಸ್ಟನ್ ಅಲ್ಲೇ ತಡೆದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ಇಂಜಿನ್ ತಾನಾಗಿ ಆಫ್ ಆದಾಗ ರಾಡ್ ಉಳಿದಿದ್ದರೂ, ಗಾಬರಿಯಲ್ಲಿ ಮತ್ತೆ ಸೆಲ್ಫ್ ಹೊಡೆದು ಬಾಗಿಸಿಕೊಂಡವರಿದ್ದಾರೆ. ಕೀಲಿ ತೆಗೆದು, ಕಾರನ್ನು ಎಳೆಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಿಸಿದರೆ ಕೆಲಸ ಕೆಲವೊಮ್ಮೆ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಇಂಜಿನ್ ಕೆಳಗಿಳಿಸಬೇಕು. ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಹಣ ಸಿಗುವುದು ಕಷ್ಟ. ಅದಕ್ಕೆ ಬೇರೆಯಾಗಿ ಇಂಜಿನ್ ರಕ್ಷಣೆಯ ಸೌಲಭ್ಯ ಸೇರಿಸಿರಬೇಕು. ಟ್ಯಾಕ್ಸಿ ಓಡಿಸಿ ಮನೆ ನಡೆಸುವವರಿಗೆ ಇದು ಹಲವು ತಿಂಗಳ ದುಡಿಮೆ.

ಕೋನ್ ಫಿಲ್ಟರಿಗೆ ಹೊದಿಸಲು ನೀರು ತಡೆಯುವ ಬಟ್ಟೆ ಸಿಗುತ್ತದಲ್ಲ ಎಂದು ಗೆಳೆಯರು ಹೇಳಬಹುದು. ಎರಚಲನ್ನು ಅದು ತಡೆದೀತು, ಮುಳುಗಿದರೆ ಪ್ರಯೋಜನವಿಲ್ಲ. ಫಿಲ್ಟರ್ ಮುಳುಗಿದಾಗ ಮೇಲಿನಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಕೂಡ ಇದೆ, ಆದರೆ ವಾಲ್ವಿನ ಮಟ್ಟಕ್ಕೂ ನೀರು ಬಂದರೆ ಕಥೆ ಮುಗಿಯಿತು. ಹಾಕಿಸಲೇಬೇಕು ಎನ್ನುವವರು ಫಿಲ್ಟರನ್ನು ಬಾನೆಟ್ ಒಳಗೆ ಮೇಲ್ಭಾಗದಲ್ಲಿಟ್ಟು, ಬಿಸಿ ತಾಗದಂತೆ ತಗಡಿನ ತಡೆ ಹಾಕಿಸಲಿ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿಗೆ ನನ್ನ ಪ್ರಕಾರ ಕಂಪನಿಯ ಡಬ್ಬಿಯೇ ಸರಿ.

ಹಾಗೆಂದು ಕಂಪನಿಯ ಪೈಪ್ ಇರುವವರೂ ಧೈರ್ಯದಿಂದ ನುಗ್ಗುವಂತಿಲ್ಲ. ವೇಗವಾಗಿ ಹೋದರೆ ಬಂಪರ್ ಮುಂದೆ ನೀರು ಅಲೆಯಾಗಿ ಏರುತ್ತದೆ. ಎದುರಿನಿಂದ ಬಸ್ ಬಂದರೆ ಅದರ ಅಲೆಯೂ ಸೇರುತ್ತದೆ. ಕೆಳಸೇತುವೆಗಳಲ್ಲಂತೂ ಆಳ ಕಣ್ಣಿಗೆ ಗೊತ್ತಾಗುವುದಿಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ನೀರಿನಲ್ಲಿ ಸಿಲುಕಿ ಯುವತಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು.

ನಮ್ಮ ಕಾಲೇಜಿಗೆ ಬರುವ ದಾರಿಯಲ್ಲೂ ರೈಲ್ವೆ ಕೆಳಸೇತುವೆ ಇದೆ. ಜೋರು ಮಳೆಯ ಬೆಳಿಗ್ಗೆ ಅಲ್ಲಿ ನೀರು ನಿಂತಿದ್ದರೂ ವ್ಯಾನ್ ಚಾಲಕರು ಇಳಿಸಿಬಿಡುತ್ತಾರೆ. ಅವರನ್ನು ಅವಸರಪಡಿಸುವವರು ಹಿಂದೆ ಕುಳಿತ ನಾವೇ, ಏಕೆಂದರೆ ಮೊದಲ ಅವಧಿಯ ಹಾಜರಿ ಹೋಗುತ್ತದೆ. ಸುತ್ತು ದಾರಿಯಲ್ಲಿ ಬಂದರೆ ಇಪ್ಪತ್ತು ನಿಮಿಷ ತಡ. ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಎರಡು. ಇಂತಹ ದಿನ ಸುತ್ತಿ ಬಂದ ವ್ಯಾನಿನ ಮಕ್ಕಳಿಗೆ ಆ ಅವಧಿಯ ಹಾಜರಿ ಕೊಡಬೇಕು. ಮತ್ತು ಸೇತುವೆಯ ಗೋಡೆಯ ಮೇಲೆ ಅಡಿ ಲೆಕ್ಕದಲ್ಲಿ ನೀರಿನ ಮಟ್ಟದ ಗುರುತು ಬರೆಸಲು ಸಂಬಂಧಪಟ್ಟ ಇಲಾಖೆಗೆ ಕಾಲೇಜಿನಿಂದ ಒಂದು ಪತ್ರ ಹೋಗಬೇಕು. ಅನುಮತಿ ಸಿಕ್ಕರೆ ಬಣ್ಣ, ಬ್ರಷ್ ಹಿಡಿದು ಬರಲು ನಮ್ಮ ತರಗತಿಯ ಆರು ಮಂದಿ ಈಗಾಗಲೇ ಒಪ್ಪಿದ್ದಾರೆ.