ಹಗುರ ಚಕ್ರ ಹಾಕಿದರೆ ದೂರ ಹೋದೀತೇ?

ಕಳೆದ ಸಂಚಿಕೆ ವಾಚಕರ ಕೈಸೇರಿದ ನಾಲ್ಕನೆಯ ದಿನವೇ ಬದಿಯಡ್ಕದ ಕಡೆಯಿಂದ ನಮಗೊಂದು ಪತ್ರ ಬಂದಿತು. ಬರೆದವರು ತರುಣರು. ಅವರ ತಂದೆಯವರಿಗೆ ವಾರಕ್ಕೆ ಮೂರು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕಾಗಿದೆ. ಹೋಗಲು 50 ಕಿಲೋಮೀಟರ್, ಬರಲು ಅಷ್ಟೇ. ಬಸ್ಸಿನ ಪ್ರಯಾಣ ರೋಗಿಗೆ ಹಿಡಿಸದೆ, ಪೆಟ್ರೋಲಿನ ಖರ್ಚು ಮನೆಗೆ ಹಿಡಿಸದೆ, ಹಿಂದೊಬ್ಬರು ಓಡಿಸಿದ್ದ ವಿದ್ಯುತ್ ಕಾರೊಂದನ್ನು ಕೊಂಡಿದ್ದಾರೆ. ಬ್ಯಾಟರಿ ಹಳತಾಗಿದೆ. ಮಳೆಗಾಲದಲ್ಲಿ ಏಸಿ ಹಾಕಿದರೆ ತುಂಬಿದ ಬ್ಯಾಟರಿ 130 ಕಿಲೋಮೀಟರಿಗೆ ಮುಗಿಯುತ್ತದೆಯಂತೆ. "ಹಿಂದಿರುಗುವಾಗ ಕುಂಬಳೆ ದಾಟುವವರೆಗೂ ತಂದೆಯವರು ದಾರಿಯನ್ನು ನೋಡುವುದಿಲ್ಲ, ಬ್ಯಾಟರಿಯ ಅಂಕೆಯನ್ನೇ ನೋಡುತ್ತಿರುತ್ತಾರೆ" ಎಂದು ಅವರು ಬರೆದಿದ್ದಾರೆ. ಹೀಗಿರಲು, ಚಕ್ರದ ಅಂಗಡಿಯವರೊಬ್ಬರು ಹಗುರವಾದ ಅಲಾಯ್ ಚಕ್ರಗಳನ್ನು ಹಾಕಿಸಿದರೆ ನೂರಕ್ಕೆ ಹತ್ತರಷ್ಟು ಹೆಚ್ಚು ದೂರ ಓಡುತ್ತದೆಂದು ಭರವಸೆ ಕೊಟ್ಟಿದ್ದಾರೆ. ನಾಲ್ಕು ಚಕ್ರಕ್ಕೆ ಒಂದು ಲಕ್ಷ ರೂಪಾಯಿ. ಹಣ ಜೋಡಿಸಿದ್ದಾಗಿದೆ, ಕೊಡುವ ಮುನ್ನ ಒಂದು ಮಾತು ಕೇಳೋಣವೆಂದು ನಮಗೆ ಬರೆದಿದ್ದಾರೆ.

ಕೇಳಿದ್ದು ಒಳ್ಳೆಯದಾಯಿತು. ನಾವು ಯಂತ್ರಶಾಸ್ತ್ರ ಓದಿದವರಲ್ಲವಾದರೂ ಲೆಕ್ಕ ಕಲಿಸಿದವರು. ಇದು ಬಹುಪಾಲು ಲೆಕ್ಕದ ಪ್ರಶ್ನೆ.

ಅಂಗಡಿಯವರ ಮಾತಿನಲ್ಲಿ ಸತ್ಯವೇ ಇಲ್ಲವೆನ್ನುವಂತಿಲ್ಲ. ಕುಂಬಾರನ ತಿಗರಿಯನ್ನು ನೋಡಿದವರಿಗೆ ಗೊತ್ತು: ಭಾರವೆಲ್ಲ ಅಂಚಿನಲ್ಲಿದ್ದರೆ ತಿರುಗಿಸುವುದಕ್ಕೆ ಹೆಚ್ಚು ಬಲ ಬೇಕು. ಕಾರಿನ ಚಕ್ರವು ಮುಂದಕ್ಕೂ ಚಲಿಸಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಆದುದರಿಂದ ವೇಗವನ್ನು ಏರಿಸುವಾಗ ರಿಮ್ಮಿನಲ್ಲಿರುವ ಒಂದು ಕಿಲೋ ಭಾರವು ಕಾರಿನ ಮೈಯಲ್ಲಿರುವ ಸುಮಾರು ಒಂದೂವರೆ ಕಿಲೋವಿಗೆ ಸಮನಾಗುತ್ತದೆ. ಈ ಒಂದೂವರೆಯನ್ನೇ ಊದಿ ಊದಿ ಮೂರು, ನಾಲ್ಕು, ಹತ್ತು ಎಂದು ಹೇಳುವವರುಂಟು. ತೆಳ್ಳಗಿನ ಬಳೆಯಂತೆ ಭಾರವೆಲ್ಲ ಹೊರ ಅಂಚಿನಲ್ಲೇ ಇದ್ದರೂ ಅದು ಎರಡನ್ನು ಮೀರಲಾರದು.

ಇನ್ನು ಲೆಕ್ಕಕ್ಕೆ ಬರೋಣ. ಪ್ರತಿ ಚಕ್ರಕ್ಕೆ 2 ಕಿಲೋ ಇಳಿಯಿತೆಂದು ಇಟ್ಟುಕೊಳ್ಳೋಣ. ಒಟ್ಟು 8 ಕಿಲೋ. ಒಂದೂವರೆಯಿಂದ ಗುಣಿಸಿದರೆ 12 ಕಿಲೋ. ನಿಂತ ಕಾರನ್ನು ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಏರಿಸಲು ಈ 12 ಕಿಲೋವಿಗಾಗಿ ವ್ಯಯವಾಗುವ ಶಕ್ತಿ ಅರ್ಧ ವಾಟ್-ಗಂಟೆಗೂ ಕಡಿಮೆ. ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ. ಮಂಗಳೂರು ತಲುಪುವಷ್ಟರಲ್ಲಿ ನೂರು ಸಲ ನಿಂತು ಹೊರಟರೂ 50 ವಾಟ್-ಗಂಟೆಯೊಳಗೆ ಮುಗಿಯಿತು.

ಇಲ್ಲಿಯೇ ವಿದ್ಯುತ್ ಕಾರಿನ ವೈಶಿಷ್ಟ್ಯವಿರುವುದು. ಪೆಟ್ರೋಲ್ ಕಾರು ಬ್ರೇಕ್ ಹಾಕಿದಾಗ ಗಳಿಸಿದ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಾದರೋ ವೇಗ ತಗ್ಗಿಸುವಾಗ ಮೋಟಾರೇ ಜನರೇಟರಾಗಿ ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಭಾರವಾದ ಚಕ್ರ ಸಾಲ ಪಡೆದುದನ್ನು ಬಹುಮಟ್ಟಿಗೆ ತೀರಿಸಿಬಿಡುತ್ತದೆ. ಹೀಗಾಗಿ ಪೆಟ್ರೋಲ್ ಕಾರಿನವರು ಹಗುರ ಚಕ್ರದಿಂದ ಪಡೆಯುವ ಅಲ್ಪ ಲಾಭವೂ ವಿದ್ಯುತ್ ಕಾರಿನವರಿಗೆ ದಕ್ಕದು. ನೂರಕ್ಕೆ ಅರುವತ್ತು ಮರಳಿತೆಂದರೆ ಉಳಿತಾಯ ಸುಮಾರು 19 ವಾಟ್-ಗಂಟೆ. 8 ಕಿಲೋವನ್ನು 50 ಕಿಲೋಮೀಟರ್ ಉರುಳಿಸುವ ಶ್ರಮ ತಪ್ಪಿದ್ದಕ್ಕೆ ಇನ್ನೊಂದು 11 ಸೇರಿಸೋಣ. ಹೋಗಿ ಬರಲು ಒಟ್ಟು 60. ಇಂಥ ಕಾರು ಕಿಲೋಮೀಟರಿಗೆ ಸುಮಾರು 140 ವಾಟ್-ಗಂಟೆ ಬಳಸುವುದರಿಂದ, ಒಂದು ಲಕ್ಷ ರೂಪಾಯಿ ಕೊಟ್ಟು ನಮ್ಮ ತರುಣ ಮಿತ್ರರು ಪಡೆಯುವ ಹೆಚ್ಚಿನ ದೂರ ಅರ್ಧ ಕಿಲೋಮೀಟರಿಗೂ ಕಡಿಮೆ! ವಾರಕ್ಕೆ ಮೂರರಂತೆ ವರ್ಷಪೂರ್ತಿ ಓಡಿಸಿದರೆ ಉಳಿಯುವುದು ಒಂಬತ್ತೂವರೆ ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 75 ರೂಪಾಯಿ. ಹಾಕಿದ ಹಣ ಹಿಂದಕ್ಕೆ ಬರಲು ಸಾವಿರದ ಮುನ್ನೂರು ವರ್ಷಗಳಿಗೂ ಮಿಕ್ಕಿ ಬೇಕು. ಅಷ್ಟು ವರ್ಷ ಹಿಂದಕ್ಕೆ ಹೋದರೆ ನಮಗೆ ಬಾದಾಮಿಯ ಚಾಲುಕ್ಯರು ಸಿಗುತ್ತಾರೆ.

ಅಲಾಯ್ ಎಂದ ಮಾತ್ರಕ್ಕೆ ಚಕ್ರ ಹಗುರವಾಗಿಯೇ ಇರುತ್ತದೆಂಬುದೂ ನಿಜವಲ್ಲ. ಅಚ್ಚಿಗೆ ಎರೆದು ಮಾಡಿದ ಅಲ್ಯೂಮಿನಿಯಂ ಚಕ್ರಕ್ಕೆ ಬಲ ಬರಬೇಕಾದರೆ ದಪ್ಪ ಬೇಕು. ಬಿಸಿ ಲೋಹವನ್ನು ಭಾರಿ ಒತ್ತಡದಲ್ಲಿ ಅದುಮಿ ರೂಪಿಸಿದ ಫೋರ್ಜ್ಡ್ ಚಕ್ರ ಮಾತ್ರ ತೆಳುವಾಗಿದ್ದೂ ಗಟ್ಟಿಯಾಗಿರಬಲ್ಲುದು, ಬೆಲೆಯೂ ಹಾಗೆಯೇ. ನಮ್ಮ ಸೋದರಳಿಯನು ಎರಡು ವರ್ಷದ ಹಿಂದೆ 16 ಇಂಚಿನ ಉಕ್ಕಿನ ಚಕ್ರಗಳನ್ನು ತೆಗೆಸಿ 17 ಇಂಚಿನ ಅಲಾಯ್ ಹಾಕಿಸಿದ್ದನು. ಈ ಪತ್ರ ಬಂದ ಮೇಲೆ ನಮಗೆ ಸಂಶಯ ಹುಟ್ಟಿ, ಅಟ್ಟದ ಮೇಲಿದ್ದ ಹಳೆಯ ಚಕ್ರವನ್ನೂ ಹೊಸದೊಂದನ್ನೂ ಟಯರು ಸಮೇತ ಅಡಿಕೆ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಇರಿಸಿದೆವು. "ಏನು ಮಾಷ್ಟ್ರೇ, ಅಡಿಕೆ ಬಿಟ್ಟು ಚಕ್ರದ ವ್ಯಾಪಾರವೋ?" ಎಂದು ಅವರು ನಕ್ಕರು. ಹೊಸದು ಹಳೆಯದಕ್ಕಿಂತ ಎರಡು ಕಿಲೋವಿಗೂ ಹೆಚ್ಚು ಭಾರ! ಅಳಿಯನ ಮುಖವನ್ನು ವರ್ಣಿಸುವುದಿಲ್ಲ. ಅವನೂ ಈ ಮಾಸಿಕದ ವಾಚಕನೇ.

ಹಾಗಾದರೆ ಚಕ್ರ ಬದಲಾಯಿಸಿದಾಗ ಓಡುವ ದೂರದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲವೇ? ಕಾಣುತ್ತದೆ, ಆದರೆ ಕಾರಣ ಬೇರೆ. ಟೆಸ್ಲಾದ ಮಾಡೆಲ್ ಎಸ್ ಪ್ಲೇಡ್ ಎಂಬ ಕಾರಿಗೆ 2021ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕ್ರಮದಂತೆ ನಮೂದಾದ ದೂರ 19 ಇಂಚಿನ ಚಕ್ರದಲ್ಲಿ 396 ಮೈಲು, 21 ಇಂಚಿನದರಲ್ಲಿ 348 ಮೈಲು. ಅಂದರೆ 637 ಮತ್ತು 560 ಕಿಲೋಮೀಟರ್. ಬ್ಯಾಟರಿ ಅದೇ, ಮೋಟಾರು ಅದೇ. ದೊಡ್ಡ ಚಕ್ರದೊಂದಿಗೆ ಬರುವ ಅಗಲ ಟಯರು, ಅದರ ಹಿಡಿತ, ಚಕ್ರದ ಕಂಡಿಗಳಲ್ಲಿ ಕಲಕುವ ಗಾಳಿ, ಇವೆಲ್ಲ ಸೇರಿ ಅಷ್ಟನ್ನು ನುಂಗುತ್ತವೆ. ಅದೇ ಕಂಪೆನಿ 2017ರಲ್ಲಿ ಹೊರತಂದ ಮಾಡೆಲ್ 3ರ 18 ಇಂಚಿನ ಚಕ್ರಗಳ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸಿತು. ಮುಚ್ಚಳದಿಂದ ಭಾರ ಹೆಚ್ಚಿತು; ಗಾಳಿ ನಯವಾಗಿ ಜಾರಿದುದರಿಂದ ದೂರವೂ ಹೆಚ್ಚಿತು. ಭಾರಕ್ಕಿಂತ ಗಾಳಿ ದೊಡ್ಡದೆಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನಮಗೆ ಕಾಣದು.

ಗಾಳಿಗಿಂತಲೂ ನಮ್ಮ ಕೈಯಲ್ಲಿರುವುದು ಟಯರು. ಟಯರು ಉರುಳುವಾಗ ನೆಲಕ್ಕೊತ್ತಿದ ಭಾಗ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆಗ ರಬ್ಬರು ಬಿಸಿಯಾಗಿ ಶಕ್ತಿ ಪೋಲಾಗುತ್ತದೆ. ಈ ಪೋಲು ಟಯರಿನಿಂದ ಟಯರಿಗೆ ಬಹಳ ಭಿನ್ನ. ಸಾವಿರ ಕಿಲೋ ಭಾರಕ್ಕೆ 8 ಕಿಲೋ ಎಳೆತ ಬೇಡುವ ಟಯರೂ ಉಂಟು, 11 ಬೇಡುವುದೂ ಉಂಟು. ಜನರು ಕುಳಿತ 1550 ಕಿಲೋ ಭಾರದ ಕಾರಿನಲ್ಲಿ ಈ ಮೂರರ ಅಂತರವು ಕಿಲೋಮೀಟರಿಗೆ ಸುಮಾರು 12 ವಾಟ್-ಗಂಟೆಯಷ್ಟಾಗುತ್ತದೆ. 100 ಕಿಲೋಮೀಟರಿಗೆ 1200! ಹಗುರ ಚಕ್ರ ಉಳಿಸಿದ 60ರ ಪಕ್ಕದಲ್ಲಿ ಇದನ್ನಿಟ್ಟು ನೋಡಿರಿ. ಚಕ್ರ ಮಾರುವವರು ಅದರ ಜೊತೆಗೆ ಅಗಲವಾದ ಟಯರನ್ನೂ ಹೊಂದಿಸಿಕೊಟ್ಟರೆ ದೂರ ಹೆಚ್ಚುವ ಬದಲು ಕುಗ್ಗಿದರೂ ಅಚ್ಚರಿಯಿಲ್ಲ.

ಹಗುರ ಚಕ್ರದಿಂದ ಬೇರೆ ಪ್ರಯೋಜನವಿದೆ. ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆಯಾದರೆ ಹೊಂಡಗುಂಡಿಗಳಲ್ಲಿ ಚಕ್ರ ಬೇಗನೆ ನೆಲ ಹಿಡಿಯುತ್ತದೆ, ಓಡಿಸುವವರಿಗೆ ಸೊಗಸೆನಿಸುತ್ತದೆ. ಆ ಸೊಗಸಿಗಾಗಿ ಹಣವುಳ್ಳವರು ಕೊಂಡರೆ ನಮ್ಮ ಆಕ್ಷೇಪವಿಲ್ಲ. ಆದರೆ ಬ್ಯಾಟರಿಯ ದೆಸೆಯಿಂದ ವಿದ್ಯುತ್ ಕಾರು ಮೊದಲೇ ಭಾರ. ಚಕ್ರ ಎಷ್ಟು ಹೊರಬಲ್ಲುದೆಂಬ ಅಂಕೆಯನ್ನು ನೋಡದೆ ಕೊಳ್ಳಬಾರದು. ಟಯರಿನ ಬದಿಯಲ್ಲಿ 95 ಎಂದಿದ್ದರೆ ಅದು 690 ಕಿಲೋ ಹೊರಬಲ್ಲುದು. ರಿಮ್ಮೂ ಅದಕ್ಕೆ ತಕ್ಕುದಾಗಿರಬೇಕು. ಅಗ್ಗದ ತೆಳು ಚಕ್ರ ಹೊಂಡಕ್ಕೆ ಬಿದ್ದು ಬಿರುಕುಬಿಟ್ಟರೆ ಒಳಗೆ ಕುಳಿತ ರೋಗಿಯ ಗತಿಯೇನು?

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. ನಮ್ಮ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ವಾರಕ್ಕೆ ಮೂರು ಸಲ ತಲಪಾಡಿ ದಾಟುವವರು ಎರಡು ರಾಜ್ಯಗಳ ತಪಾಸಣೆಗೆ ಸಿಗುವವರು. ಕಂಪೆನಿಯೇ ಅದೇ ಕಾರಿಗೆ ಗೊತ್ತುಪಡಿಸಿದ ಅಳತೆಯನ್ನು ಬಿಟ್ಟು ಹೋಗದಿರುವುದು ಲೇಸು.

ನಮ್ಮ ಮಿತ್ರರಿಗೆ ನಾವು ಬರೆದ ಉತ್ತರ ಹೀಗಿತ್ತು: ಚಕ್ರ ಹಳೆಯದೇ ಇರಲಿ. ಟಯರು ಸವೆದಿದ್ದರೆ ಕಡಿಮೆ ಎಳೆತದ, ಅದೇ ಅಳತೆಯ ಟಯರು ಹಾಕಿಸಿರಿ. ವಾರಕ್ಕೊಮ್ಮೆ ಬೆಳಗ್ಗೆ, ಟಯರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿರಿ. ಅಗಲವಾದ ಹೆದ್ದಾರಿ ಕಂಡು 100ರ ವೇಗಕ್ಕೆ ಹೋಗದಿರಿ. 80ಕ್ಕೆ ಹೋಲಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ತಂದೆಯವರು ಆಸ್ಪತ್ರೆಯಲ್ಲಿ ಮಲಗಿರುವ ನಾಲ್ಕು ಗಂಟೆ ಕಾರು ಏನು ಮಾಡುತ್ತಿರುತ್ತದೆ? 15 ಆಂಪಿಯರಿನ ಒಂದು ಸಾಕೆಟ್ ಸಿಕ್ಕರೆ ಆ ಅವಧಿಯಲ್ಲಿ ಸುಮಾರು 10 ಯೂನಿಟ್ ತುಂಬಬಹುದು. ಬದಿಯಡ್ಕಕ್ಕೆ ಮರಳಲು ಬೇಕಾದುದು 7.

ಮೊನ್ನೆ ಅವರ ಎರಡನೆಯ ಪತ್ರ ಬಂದಿದೆ. ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಅವರ ದೊಡ್ಡಮ್ಮನ ಮನೆಯಿದೆಯಂತೆ. ವಾಷಿಂಗ್ ಮೆಷಿನ್ ಬಿಚ್ಚಿ ಆ ಸಾಕೆಟ್ಟನ್ನು ಕಾರಿಗೆ ಬಿಟ್ಟುಕೊಟ್ಟಿದ್ದಾರೆ; ಯೂನಿಟ್ಟಿನ ಹಣ ಕೊಡಲು ಹೋದರೆ ದೊಡ್ಡಮ್ಮ ಮುನಿಸಿಕೊಂಡರಂತೆ. ತಂದೆಯವರು ಈಗ ಕುಂಬಳೆ ಬರುವ ಮೊದಲೇ ನಿದ್ದೆ ಹೋಗುತ್ತಾರೆಂದು ಬರೆದಿದ್ದಾರೆ.