ಫೋನ್ ಬರಲಿಲ್ಲ ಅಂದ್ರೆ ಹುಷಾರಾಗಿದ್ದಾರೆ ಅಂತಲ್ಲ

ಬೇಸಿಗೆ ಹತ್ತಿರ ಬಂದ ಹಾಗೆ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆಯ ಮಾತು ಶುರುವಾಗುತ್ತೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕೆಎಫ್‌ಡಿಗೆ ಇವತ್ತಿಗೂ ನಿರ್ದಿಷ್ಟ ಔಷಧಿ ಇಲ್ಲ. ಇದರ ಇನ್ನೊಂದು ಗುಣ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತೆ. ಆಗ ವಿಪರೀತ ತಲೆನೋವು, ನಡುಕ, ಮಂಕು ಹಿಡಿದಂತಾಗುವುದು ಎಲ್ಲ ಕಾಣಿಸಬಹುದು.

ಅಂದರೆ ಡಿಸ್ಚಾರ್ಜ್ ಆದ ದಿನಕ್ಕೇ ಚಿಕಿತ್ಸೆ ಮುಗಿಯಲ್ಲ. ಆದರೆ ಎಷ್ಟೋ ಕಡೆ "ಏನಾದ್ರೂ ಆದ್ರೆ ಬನ್ನಿ" ಅಂತ ಹೇಳಿ ಕಳಿಸುವುದೇ ಪದ್ಧತಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದು ಓಪನ್ ಲೂಪ್. ನೆಟ್‌ವರ್ಕ್ ಸಿಗದ, ಬಸ್ಸು ಅಪರೂಪವಾದ ಊರಿನವರು ವಾಪಸ್ ಬರಲಿಲ್ಲ ಅಂದ್ರೆ ಗುಣವಾಗಿದೆ ಅಂತ ಹೇಗೆ ಹೇಳೋದು?

ನಾವು ತಕ್ಷಣ "ಒಂದು ಆ್ಯಪ್ ಮಾಡೋಣ" ಅಂತೀವಿ. ಕ್ಷಯಕ್ಕೆ ನಿಕ್ಷಯ್ ಪೋರ್ಟಲ್ ಇದೆ. ಆದರೂ ಮನೆ ಬಾಗಿಲಿಗೆ ಹೋಗೋದು ಮನುಷ್ಯರೇ. ಬೇಕಾಗಿರೋದು ಇಷ್ಟು: ಡಿಸ್ಚಾರ್ಜ್ ದಿನವೇ ಗೊತ್ತುಮಾಡಿದ ವಿಚಾರಣೆಯ ತಾರೀಖು, ಪಕ್ಕದ ಮನೆಯದ್ದೂ ಸೇರಿ ಎರಡು ನಂಬರ್, ವಿಚಾರಿಸಬೇಕಾದವರ ಹೆಸರು. ಉತ್ತರ ಬಾರದಿದ್ದರೆ ಆ ಹೆಸರು ಪಟ್ಟಿಯ ಮೇಲಕ್ಕೆ ಬರಬೇಕು, ಆಶಾ ಕಾರ್ಯಕರ್ತೆ ಹೋಗಿ ನೋಡಬೇಕು. ಆ ಓಡಾಟಕ್ಕೆ ಅವರಿಗೆ ದುಡ್ಡೂ ಸಿಗಬೇಕು.

ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಿರೋರು ಕೋಡ್ ಬರೆಯೋಕೆ ಮುಂಚೆ ಒಂದು ದಿನ ಪಿಎಚ್‌ಸಿಯಲ್ಲಿ ಕೂತು ನೋಡಿ. ಅಲ್ಲಿಂದ ಮನೆಗೆ ಹೋದವರನ್ನ ಆಮೇಲೆ ಯಾರು ವಿಚಾರಿಸ್ತಾರೆ ಅಂತ ಕೇಳಿ.