ತಪ್ಪು ಯೋಚನೆ ಯಾರದು?

ಕಳೆದ ವರ್ಷ ಒಂದು ವಿಶ್ವವಿದ್ಯಾನಿಲಯದಲ್ಲಿ ನಮ್ಮಂಥ ಹಳ್ಳಿ ಮೇಷ್ಟ್ರುಗಳಿಗೆ ಮೂರು ದಿನದ ತರಬೇತಿ ಇಟ್ಟಿದ್ದರು. ಅದರ ಹೆಸರು ಬೇಡ. ವಿಷಯ: ಹದಿಹರೆಯದವರಿಗೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ತಿದ್ದಿ ಮನಸ್ಸಿನ ಸಂಕಟ ಇಳಿಸುವ ಚಿಕಿತ್ಸೆ.

ಒಂದೊಂದು ಹಾಳೆ ಕೊಟ್ಟರು. ಅದರಲ್ಲಿ ಕಾಲಂಗಳು. ಏನು ನಡೆಯಿತು? ಆಗ ಮನಸ್ಸಿಗೆ ಏನು ಹೊಳೆಯಿತು? ಎಷ್ಟು ನೋವಾಯಿತು? ಆ ಯೋಚನೆಗೆ ಸಾಕ್ಷಿ ಏನು? ಅದರ ವಿರುದ್ಧ ಸಾಕ್ಷಿ ಏನು? ಈಗ ಬೇರೆ ಹೇಗೆ ಯೋಚಿಸಬಹುದು? ಪ್ರಾಧ್ಯಾಪಕರು ಬೋರ್ಡಿನ ಮೇಲೆ ಒಂದು ಉದಾಹರಣೆ ಬರೆದರು: 'ಕ್ಲಾಸಲ್ಲಿ ನನ್ನ ಬೆಂಚಿಗೆ ಯಾರೂ ಬರಲ್ಲ. ನಾನು ಕಂಡರೆ ಅವರಿಗೆ ಆಗಲ್ಲ.' ಇದು ಯಾವ ತಪ್ಪು ಅಂತ ಕೇಳಿದರು. 'ಬೇರೆಯವರ ಮನಸ್ಸು ಓದುವ ತಪ್ಪು' ಅಂತ ಹಾಲಿಗೆ ಹಾಲೇ ಕೂಗಿತು.

ನಾನು ಎದ್ದು ನಿಂತು ಕೇಳಿದೆ: 'ಸಾರ್, ಆ ಹುಡುಗ ಯಾವ ಕೇರಿಯವನು?'

'ಇಲ್ಲಿ ಜಾತಿ ತರಬೇಡಿ ಮೇಷ್ಟ್ರೆ. ಇದು ವಿಜ್ಞಾನ' ಅಂದರು.

ಜಾತಿಯನ್ನು ನಾನು ತಂದೆನಂತೆ! ಆ ಬೆಂಚು ಖಾಲಿ ಬಿಟ್ಟವರು ತರಲಿಲ್ಲ. ಊಟದ ಸಾಲು ಬೇರೆ ಮಾಡಿದವರು ತರಲಿಲ್ಲ. ಕೇಳಿದವನು ತಂದ.

ಗೆಳೆಯರೆ, ಒಂದು ಹಳೆಯ ಸಂಗತಿ ನೆನಪು ಮಾಡಿಕೊಳ್ಳಿ. 1917ರಲ್ಲಿ ಅಂಬೇಡ್ಕರ್ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದರು. ಇರಲು ಮನೆ ಸಿಗಲಿಲ್ಲ. ಹೆಸರು ಮರೆಸಿಕೊಂಡು ಒಂದು ಪಾರ್ಸಿ ಛತ್ರದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಅವರನ್ನು ಹೊರಗೆ ಹಾಕಿದರು. ಗೆಳೆಯರೂ ಜಾಗ ಕೊಡಲಿಲ್ಲ. ಅಷ್ಟು ಓದಿದ ಮನುಷ್ಯ ಉದ್ಯಾನದ ಮರದ ಕೆಳಗೆ ಕೂತು ಅತ್ತರು. ಆವತ್ತು ಯಾರಾದರೂ ಈ ಹಾಳೆ ಕೊಟ್ಟಿದ್ದರೆ ಏನು ಬರೆಯುತ್ತಿದ್ದರು? 'ಈ ಊರಲ್ಲಿ ನನಗೆ ಯಾರೂ ಮನೆ ಕೊಡಲ್ಲ.' ನಮ್ಮ ಪ್ರಾಧ್ಯಾಪಕರು ಅದಕ್ಕೆ ಕೆಂಪು ಗೆರೆ ಎಳೆದು 'ಒಂದನ್ನೇ ಎಲ್ಲಕ್ಕೂ ಹಿಗ್ಗಿಸುವ ತಪ್ಪು' ಅಂತ ಬರೆಯುತ್ತಿದ್ದರು. ಅಂಬೇಡ್ಕರ್ ಆ ಯೋಚನೆ ತಿದ್ದಿಕೊಳ್ಳಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು.

ನಿನ್ನ ಹಣೆಬರಹ, ನಿನ್ನ ಕರ್ಮ, ಸಹಿಸಿಕೋ ಅಂತ ಪುರೋಹಿತರು ಹೇಳುತ್ತಿದ್ದರು. ನಿನ್ನ ಯೋಚನೆಯೇ ಸರಿಯಿಲ್ಲ, ತಿದ್ದಿಕೋ ಅಂತ ಈಗ ಇವರು ಹೇಳುತ್ತಾರೆ. ಎರಡರಲ್ಲೂ ತಪ್ಪಿತಸ್ಥ ಪೆಟ್ಟು ತಿಂದವನೇ.

ಹಾಗಾದರೆ ಈ ಚಿಕಿತ್ಸೆಯನ್ನೇ ಸುಟ್ಟು ಹಾಕೋಣವೆ? ಬೇಡ. ಔಷಧ ಬೇರೆ, ಔಷಧ ಕೊಡುವವನ ಕಣ್ಣು ಬೇರೆ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಆರನ್ ಬೆಕ್ ಇದನ್ನು ಕಟ್ಟಿದಾಗ ಇದರಲ್ಲೂ ಒಂದು ಬಂಡಾಯ ಇತ್ತು. ರೋಗಿಯ ಮನಸ್ಸಿನ ಗುಟ್ಟು ವೈದ್ಯನಿಗೆ ಮಾತ್ರ ಗೊತ್ತು ಅನ್ನುವ ಕಾಲದಲ್ಲಿ ಅವರು ರೋಗಿಯನ್ನೇ ಕೇಳಿದರು. ಇಬ್ಬರೂ ಕೂಡಿ ಸಾಕ್ಷಿ ಹುಡುಕೋಣ ಅಂದರು. ಆ ಪಾಠದಲ್ಲೇ ಇನ್ನೊಂದು ಮಾತಿದೆ. ಸಾಕ್ಷಿ ನೋಡಿದ ಮೇಲೆ ಯೋಚನೆ ನಿಜವೇ ಆಗಿದ್ದರೆ ಅದನ್ನು ತಿದ್ದಬಾರದು. ಆಗ ಕೈ ಹಾಕಬೇಕಾದ್ದು ಪರಿಸ್ಥಿತಿಗೆ. ಮೂರು ದಿನದ ತರಬೇತಿಯಲ್ಲಿ ಈ ಮಾತು ಒಂದು ಸಲವೂ ಬರಲಿಲ್ಲ. ನಮಗೆ ಬೇಕಾದ ಅಧ್ಯಾಯವನ್ನೇ ಹರಿದು ಪುಸ್ತಕ ಕೊಟ್ಟರೆ ಹೇಗೆ ಸ್ವಾಮಿ?

ನಮ್ಮ ಹುಡುಗರಲ್ಲೂ ತಿದ್ದಬೇಕಾದ ಯೋಚನೆ ಇದೆ. ಒಂದು ಸಲ ಫೇಲಾದ ಹುಡುಗಿ 'ನಮ್ಮೋರ ತಲೇಲಿ ಓದು ಇಲ್ಲ ಸಾ' ಅಂತಾಳೆ. ಈ ಯೋಚನೆ ಅವಳದಲ್ಲ, ಮನು ಇಟ್ಟು ಹೋದದ್ದು. ಇಲ್ಲಿ ಆ ಹಾಳೆ ಬೇಕು. 'ಸಾಕ್ಷಿ ಎಲ್ಲಿದೆ ಮಗಳೆ, ತೋರಿಸು' ಅಂತ ಪಕ್ಕದಲ್ಲಿ ಕೂತು ಕೇಳಬೇಕು. ಹುಟ್ಟು ನೋಡಿ ಇಡೀ ಜನಕ್ಕೆ ಒಂದೇ ಹಣೆಪಟ್ಟಿ ಹಚ್ಚುವುದಕ್ಕಿಂತ ದೊಡ್ಡ ತಪ್ಪು ಯೋಚನೆ ಯಾವುದಿದೆ? ತಟ್ಟೆ ದೂರ ತಳ್ಳಿದವನ ಕೈಗೆ ಮಾತ್ರ ಯಾರೂ ಹಾಳೆ ಕೊಡುವುದಿಲ್ಲ.

ಇದು ಬರೀ ವಾದ ಅಲ್ಲ, ಜೀವದ ಪ್ರಶ್ನೆ. ದಿಲ್ಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ಹೇಗೆ ಬೇರೆ ಮಾಡಿದ್ದರು ಎಂಬುದನ್ನು ಥೋರಟ್ ಸಮಿತಿ 2007ರಲ್ಲೇ ಹೇಳಿತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದ. ಹಾಸ್ಟೆಲಿನಿಂದ ಹೊರಗೆ ಹಾಕಿ, ಫೆಲೋಶಿಪ್ ಹಣ ನಿಲ್ಲಿಸಿದ್ದರು. 2019ರಲ್ಲಿ ಮುಂಬೈಯಲ್ಲಿ ಪಾಯಲ್ ತಡ್ವಿ ಹೋದಳು. ಇವರ ಯೋಚನೆ ತಪ್ಪಾಗಿತ್ತು ಅನ್ನುವ ಧೈರ್ಯ ಯಾರಿಗಿದೆ?

ಕಾನೂನು ಏನೂ ಮೂಕವಾಗಿಲ್ಲ. ಮಾನಸಿಕ ಚಿಕಿತ್ಸೆಯಲ್ಲಿ ಜಾತಿಭೇದ ಕೂಡದು ಅಂತ 2017ರ ಕಾಯ್ದೆ ಹೇಳುತ್ತದೆ. 100 ವಿದ್ಯಾರ್ಥಿಗಳಿದ್ದ ಕಡೆ ತರಬೇತಾದ ಆಪ್ತಸಮಾಲೋಚಕರು ಇರಬೇಕು ಅಂತ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಹೇಳಿದೆ. ಸರಿ, ಅವರನ್ನು ತರಬೇತು ಮಾಡುವವರು ಯಾರು? ಯಾವ ಭಾಷೆಯಲ್ಲಿ? 'ಎದೆ ಉರೀತದೆ', 'ಜೀವ ಹಿಂಡ್ತದೆ' ಅನ್ನುವ ಹುಡುಗನ ಮಾತು ಇಂಗ್ಲಿಷಿನ ಯಾವ ಕಾಲಂನಲ್ಲಿ ಹಿಡಿಸುತ್ತದೆ?

ಆಗುವುದಿಲ್ಲ ಅನ್ನಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಹೋಗಿ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆ ಕಲಿಸಿದರು. ಅದೇ ಮಾದರಿ 1996ರಲ್ಲಿ ಇಡೀ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಬಳ್ಳಾರಿಗೆ ಹೋದ ವಿದ್ಯೆ ನಮ್ಮ ಕೇರಿಗೆ ಬರಲಾರದೆ?

ನಾವು ಕೇಳುವುದು ಭಿಕ್ಷೆಯಲ್ಲ. ಈ ಚಿಕಿತ್ಸೆ ಕಲಿಯುವವರು ಸಮಾಜ ಕಲ್ಯಾಣ ಹಾಸ್ಟೆಲುಗಳಲ್ಲಿ ಕೂತು ಕಲಿಯಲಿ. ಪಾಠ ಕನ್ನಡದಲ್ಲೂ ನಡೆಯಲಿ. ಕಲಿಸುವ, ಕಲಿಯುವ ಮೀಸಲು ಜಾಗಗಳು ಖಾಲಿ ಬೀಳದಿರಲಿ. ನೋವು ಹೇಳಿಕೊಂಡ ಹುಡುಗನಿಗೆ ದೂರು ಬರೆಯಲು, ಸಾಕ್ಷಿ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಲ್ಲಲು ಜೊತೆಯಾಗುವುದೂ ಚಿಕಿತ್ಸೆಯ ಪಾಠವೇ ಆಗಲಿ.

ಕೊನೆಯ ದಿನ ಹಾಳೆಗಳನ್ನು ವಾಪಸು ಕೇಳಿದರು. ಬೋರ್ಡಿನ ಮೇಲಿದ್ದ ಹುಡುಗನ ಪರವಾಗಿ ನಾನು ಕಡೆಯ ಕಾಲಂ ತುಂಬಿಸಿ ಕೊಟ್ಟು ಬಂದೆ: 'ಯೋಚನೆ ಸರಿಯಾಗಿದೆ. ಬದಲಾಗಬೇಕಾದ್ದು ಬೆಂಚು.'